ಡಬ್ಬದ ಹಿಂಬದಿಯನ್ನು ಕನ್ನಡಕ್ಕೆ ತನ್ನಿ

ಮೈಸೂರು ಜಿಲ್ಲೆಯ ಆಹಾರ ಸುರಕ್ಷತಾ ಅಂಕಿತ ಅಧಿಕಾರಿಗಳಿಗೆ ಮತ್ತು ಜಿಲ್ಲಾ ಆರೋಗ್ಯ ಹಾಗೂ ಕುಟುಂಬ ಕಲ್ಯಾಣಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಮೈಸೂರಿನ ದೊಡ್ಡ ಮೆಡಿಕಲ್ ಶಾಪುಗಳಲ್ಲಿ ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ, ಕೈಗೆಟುಕುವ ಎತ್ತರದಲ್ಲಿ, ಮೀನೆಣ್ಣೆ ಕ್ಯಾಪ್ಸೂಲಿನ ಡಬ್ಬಗಳು ಸಾಲಾಗಿ ನಿಂತಿರುತ್ತವೆ. ಮುಂಬದಿಯಲ್ಲಿ ಕೆಂಪು ಹೃದಯದ ಚಿತ್ರ, ಅದರ ಮೇಲೆ ಇಸಿಜಿಯಂಥ ಗೆರೆ, ಕೆಳಗೆ ದಪ್ಪಕ್ಷರದಲ್ಲಿ ‘1000 ಮಿ.ಗ್ರಾಂ’. ಡಬ್ಬ ತಿರುಗಿಸಿದರೆ ಸಾಸಿವೆ ಕಾಳಿನಷ್ಟು ಸಣ್ಣ ಇಂಗ್ಲಿಷ್ ಅಕ್ಷರ. ಕೊಳ್ಳುವವರಿಗೆ ಬೇಕಾದ ನಿಜವಾದ ಸಂಖ್ಯೆ ಅಲ್ಲಿದೆ, ಎಚ್ಚರಿಕೆಯೂ ಅಲ್ಲೇ ಇದೆ. ಅದನ್ನು ಓದಬೇಕಾದವರು ಅರುವತ್ತು ದಾಟಿದ ಕನ್ನಡದ ಹಿರಿಯರು.

2025ರ ಜೂನ್ ಕೊನೆಯಲ್ಲಿ, ಜುಲೈ ಮೊದಲಲ್ಲಿ ಹಾಸನದಿಂದ ಹಠಾತ್ ಸಾವಿನ ಸುದ್ದಿಗಳು ಒಂದರ ಹಿಂದೊಂದು ಬಂದಾಗ ನಮ್ಮೂರ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ಬೆಳಗಾಗುವ ಮೊದಲೇ ಜನ ಸಾಲು ಹಿಡಿದು ನಿಂತದ್ದು ತಮಗೆ ನೆನಪಿರಬೇಕು. ಅಂಥ ಭಯ ಹೊತ್ತು ಅಂಗಡಿಗೆ ಬಂದವರಿಗೆ ಡಬ್ಬದ ಮುಂಬದಿಯೇ ಸಾಕಾಗಿಬಿಡುತ್ತದೆ. ಕ್ಯಾಪ್ಸೂಲ್ ಕೊಳ್ಳುವುದು ದೊಡ್ಡ ಅನಾಹುತವಲ್ಲ. ಅದನ್ನು ಕೊಂಡ ಧೈರ್ಯದಲ್ಲಿ ವೈದ್ಯರು ಬರೆದುಕೊಟ್ಟ ಗುಳಿಗೆ ನಿಲ್ಲಿಸುವುದು ಅನಾಹುತ. ಸ್ಟೆಂಟ್ ಹಾಕಿಸಿಕೊಂಡವರು ಆಸ್ಪಿರಿನ್, ಕ್ಲೊಪಿಡೊಗ್ರೆಲ್ ನಿಲ್ಲಿಸಿದರೆ ಸ್ಟೆಂಟಿನೊಳಗೇ ರಕ್ತ ಹೆಪ್ಪುಗಟ್ಟಬಹುದು; ಅದರಲ್ಲೂ ಮೊದಲ ಕೆಲವು ತಿಂಗಳಲ್ಲಿ ಈ ಅಪಾಯ ಅತಿ ಹೆಚ್ಚು. ಆ ಜಾಗವನ್ನು ಮೀನೆಣ್ಣೆ ತುಂಬಲಾರದು, ಬೆಳ್ಳುಳ್ಳಿ ತುಂಬಲಾರದು, ಯಾವ ಕಷಾಯವೂ ತುಂಬಲಾರದು.

ನಾವು ಔಷಧ ಮತ್ತು ಆಹಾರ ವಿಜ್ಞಾನ ಓದಿ, ಅದೇ ಕೆಲಸ ಮಾಡುತ್ತಿರುವವರು. ನಮ್ಮ ಬೇಡಿಕೆ ಒಂದೇ. ಹೃದಯದ ಹೆಸರಿನಲ್ಲಿ ಮಾರಾಟವಾಗುವ ಪೂರಕಗಳ (ಸಪ್ಲಿಮೆಂಟ್) ಬಗ್ಗೆ ಒಂದು ಹಾಳೆಯನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ. ಅದನ್ನು ಜಿಲ್ಲೆಯ ಪ್ರತಿ ಮೆಡಿಕಲ್ ಶಾಪು, ಜನೌಷಧಿ ಕೇಂದ್ರ, ಸರ್ಕಾರದ ‘ನಮ್ಮ ಕ್ಲಿನಿಕ್’, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಕಣ್ಣಿಗೆ ಬೀಳುವ ಕಡೆ ಅಂಟಿಸಿಸಿ. ಲೇಬಲ್ಲಿನ ಕಡ್ಡಾಯ ವಿವರಗಳು ಇಂಗ್ಲಿಷಿನಲ್ಲೋ ದೇವನಾಗರಿ ಹಿಂದಿಯಲ್ಲೋ ಇದ್ದರೆ ಸಾಕು ಎನ್ನುತ್ತದೆ ಕೇಂದ್ರದ ನಿಯಮ. ಜೊತೆಗೆ ಬೇರೆ ಭಾಷೆ ಸೇರಿಸಲು ಅಡ್ಡಿಯಿಲ್ಲ, ಆದರೆ ಸೇರಿಸಲೇಬೇಕೆಂಬ ಒತ್ತಾಯವೂ ಇಲ್ಲ. ಕಂಪನಿಗಳ ಲೇಬಲ್ಲನ್ನು ಬದಲಿಸುವ ಅಧಿಕಾರ ಜಿಲ್ಲೆಗೆ ಇಲ್ಲದಿದ್ದರೂ ಒಂದು ಹಾಳೆ ಬರೆಸಿ ಅಂಟಿಸುವುದಕ್ಕೆ ದೆಹಲಿಯ ಅನುಮತಿ ಬೇಕಿಲ್ಲ. ಆ ಹಾಳೆಯಲ್ಲಿ ಏನಿರಬೇಕು, ಯಾಕಿರಬೇಕು ಎಂದು ಕೆಳಗೆ ಬರೆದಿದ್ದೇವೆ. ಇದನ್ನು ಓದುವ ಸಾರ್ವಜನಿಕರು ಹಾಳೆ ಬರುವವರೆಗೂ ಕಾಯಬೇಕಿಲ್ಲ.

ಮೊದಲು ಮೀನೆಣ್ಣೆ. ಡಬ್ಬದ ಮುಂದೆ ಬರೆದ 1000 ಮಿ.ಗ್ರಾಂ ಎಂಬುದು ಒಂದು ಕ್ಯಾಪ್ಸೂಲಿನೊಳಗಿನ ಒಟ್ಟು ಎಣ್ಣೆಯ ತೂಕ. ಒಮೆಗಾ-3 ಕೊಬ್ಬಿನಲ್ಲಿ ಲೆಕ್ಕಕ್ಕೆ ಬರುವುದು ಇಪಿಎ, ಡಿಎಚ್‌ಎ ಎಂಬ ಎರಡು ಅಂಶ ಮಾತ್ರ. ಸಾಮಾನ್ಯ ಕ್ಯಾಪ್ಸೂಲಿನಲ್ಲಿ ಇಪಿಎ 180, ಡಿಎಚ್‌ಎ 120, ಕೂಡಿದರೆ 300 ಮಿ.ಗ್ರಾಂ. ಉಳಿದ 700 ಬೇರೆ ಕೊಬ್ಬು. ಹೃದ್ರೋಗಿಗೆ ದಿನಕ್ಕೆ ಒಂದು ಗ್ರಾಂ ಇಪಿಎ, ಡಿಎಚ್‌ಎ ಬೇಕೆಂದು ವೈದ್ಯರು ಹೇಳಿದ್ದರೆ ಈ ಕ್ಯಾಪ್ಸೂಲು ದಿನಕ್ಕೆ ಮೂರು ನುಂಗಿದರೂ ಒಂದು ಗ್ರಾಂ ತುಂಬುವುದಿಲ್ಲ. 60 ಕ್ಯಾಪ್ಸೂಲಿನ ಡಬ್ಬಕ್ಕೆ 600 ರೂಪಾಯಿ ಎಂದಿಟ್ಟುಕೊಳ್ಳಿ. ಒಂದಕ್ಕೆ ಹತ್ತು ರೂಪಾಯಿ ಎಂದು ಕಾಣುತ್ತದೆ, ಆದರೆ ಒಂದು ಗ್ರಾಂ ಇಪಿಎ, ಡಿಎಚ್‌ಎಗೆ ಬೀಳುವುದು ಮೂವತ್ಮೂರು ರೂಪಾಯಿ, ತಿಂಗಳಿಗೆ ಸಾವಿರ. ಎರಡು ಡಬ್ಬ ಹೋಲಿಸುವಾಗ ಜನ ಮಾಡಬೇಕಾದ ಲೆಕ್ಕ ಇದು. ಡಬ್ಬದ ಹಿಂದಿನ ಇಪಿಎ, ಡಿಎಚ್‌ಎ ಎರಡನ್ನೂ ಕೂಡಿ, ಆ ಮೊತ್ತಕ್ಕೆ ಎಷ್ಟು ಕ್ಯಾಪ್ಸೂಲು ಎಂಬುದನ್ನೂ ನೋಡಬೇಕು. ಕೆಲವು ಲೇಬಲ್ಲುಗಳು ‘ಪ್ರತಿ ಸರ್ವಿಂಗ್’ ಎಂದು ಎರಡು ಕ್ಯಾಪ್ಸೂಲಿನ ಲೆಕ್ಕ ಕೊಟ್ಟಿರುತ್ತವೆ.

ಸರಿಯಾದ ಲೆಕ್ಕದಲ್ಲಿ ತೆಗೆದುಕೊಂಡರೂ ಸಿಗುವುದೇನು? ಅಮೆರಿಕದಲ್ಲಿ 25,871 ಜನರ ಮೇಲೆ ಐದು ವರ್ಷಕ್ಕೂ ಹೆಚ್ಚು ಕಾಲ ನಡೆದ ವೈಟಲ್ ಅಧ್ಯಯನದಲ್ಲಿ ದಿನಕ್ಕೆ ಒಂದು ಗ್ರಾಂ ಮೀನೆಣ್ಣೆ ಕೊಟ್ಟು ನೋಡಿದರು. ಹೃದಯಾಘಾತ, ಪಾರ್ಶ್ವವಾಯು, ಹೃದ್ರೋಗದ ಸಾವು ಮೂರನ್ನೂ ಸೇರಿಸಿ ಎಣಿಸಿದಾಗ ಗಮನಾರ್ಹ ಇಳಿಕೆ ಕಾಣಲಿಲ್ಲ. ಬ್ರಿಟನ್ನಿನಲ್ಲಿ 15,480 ಶುಗರ್ ರೋಗಿಗಳ ಮೇಲೆ ನಡೆದ ಅಸೆಂಡ್ ಅಧ್ಯಯನವೂ ಇದನ್ನೇ ಹೇಳಿತು. ಎರಡರ ಫಲಿತಾಂಶವೂ 2018ರಲ್ಲಿ ಹೊರಬಂತು. ಅದೇ ವರ್ಷ ರೆಡ್ಯೂಸ್-ಇಟ್ ಎಂಬ ಇನ್ನೊಂದು ಅಧ್ಯಯನದಲ್ಲಿ ಶುದ್ಧೀಕರಿಸಿದ ಇಪಿಎಯನ್ನು ದಿನಕ್ಕೆ 4 ಗ್ರಾಂ ಕೊಟ್ಟಾಗ ಹೃದಯದ ಅವಘಡಗಳು ಕಾಲುಭಾಗ ಕಡಿಮೆಯಾದವು. ಆದರೆ ಅದರಲ್ಲಿದ್ದವರು ಕೊಲೆಸ್ಟರಾಲ್ ಇಳಿಸುವ ಸ್ಟಾಟಿನ್ ಗುಳಿಗೆ ತೆಗೆದುಕೊಳ್ಳುತ್ತಿದ್ದರೂ ಟ್ರೈಗ್ಲಿಸರೈಡ್ ಎಂಬ ರಕ್ತದ ಕೊಬ್ಬು ಏರಿದ್ದ ರೋಗಿಗಳು. ಕೊಟ್ಟದ್ದು ಚೀಟಿಯ ಮೇಲೆ ಸಿಗುವ ಔಷಧ. ಹೋಲಿಕೆಗೆಂದು ಇನ್ನೊಂದು ಗುಂಪಿಗೆ ಕೊಟ್ಟ ಖನಿಜ ಎಣ್ಣೆಯೇ ಆ ಗುಂಪಿಗೆ ಕೆಡುಕು ಮಾಡಿತೇನೋ ಎಂಬ ತಕರಾರೂ ಇದೆ. ಇಪಿಎ, ಡಿಎಚ್‌ಎ ಎರಡನ್ನೂ ಅಷ್ಟೇ ಪ್ರಮಾಣದಲ್ಲಿ ಕೊಟ್ಟ ಸ್ಟ್ರೆಂತ್ ಅಧ್ಯಯನದಲ್ಲಿ, 2020ರಲ್ಲಿ, ಲಾಭ ಕಾಣಲಿಲ್ಲ. ಗಲ್ಲಾಪೆಟ್ಟಿಗೆ ಪಕ್ಕದ ಡಬ್ಬಕ್ಕೂ ಆ 4 ಗ್ರಾಮಿನ ಔಷಧಕ್ಕೂ ಸಂಬಂಧ ಕಟ್ಟುವುದು ತಪ್ಪು.

ಪ್ರಮಾಣ ಏರಿದಂತೆ ಇನ್ನೊಂದು ತೊಂದರೆಯೂ ಏರುತ್ತದೆ. ಏಟ್ರಿಯಲ್ ಫಿಬ್ರಿಲೇಷನ್ ಎಂಬ ಹೃದಯದ ತಾಳ ತಪ್ಪುವ ಕಾಯಿಲೆ ಮೀನೆಣ್ಣೆಯ ಪ್ರಮಾಣ ಹೆಚ್ಚಿದವರಲ್ಲಿ ಹೆಚ್ಚು ಕಂಡುಬಂದಿದೆ. ಎದೆ ಡವಡವ ಹೊಡೆದುಕೊಳ್ಳುವುದು, ನಾಡಿ ಅಡ್ಡಾದಿಡ್ಡಿ ಓಡುವುದು ಶುರುವಾದರೆ ‘ಗ್ಯಾಸ್’ ಎಂದು ಸುಮ್ಮನಿರದೆ ಇಸಿಜಿ ಮಾಡಿಸಬೇಕು, ಮೀನೆಣ್ಣೆ ನುಂಗುತ್ತಿರುವುದನ್ನು ವೈದ್ಯರಿಗೆ ಹೇಳಬೇಕು.

ಇನ್ನು ಎಣ್ಣೆ ಕೆಡುವ ವಿಚಾರ. ಮೀನೆಣ್ಣೆ ಶಾಖಕ್ಕೆ, ಬೆಳಕಿಗೆ, ಗಾಳಿಗೆ ಬಲು ಬೇಗ ಕಮಟುತ್ತದೆ. ಏಪ್ರಿಲ್ ಬಿಸಿಲಲ್ಲಿ ಕಾರಿನೊಳಗೆ ಬಿಟ್ಟ ಡಬ್ಬವಾಗಲಿ, ಗಾಜಿನ ಶೋಕೇಸಿನಲ್ಲಿ ಸಂಜೆ ಬಿಸಿಲು ಬೀಳುವ ಕಡೆ ಇಟ್ಟ ಡಬ್ಬವಾಗಲಿ, ದಿನಾಂಕ ಮುಗಿಯುವ ಮೊದಲೇ ಕೆಟ್ಟಿರಬಹುದು. ಪರೀಕ್ಷೆ ಸುಲಭ. ಹೊಸ ಡಬ್ಬ ತೆರೆದ ದಿನ ಒಂದು ಕ್ಯಾಪ್ಸೂಲನ್ನು ಕತ್ತರಿಯಿಂದ ತುದಿ ಕತ್ತರಿಸಿ, ಚಮಚಕ್ಕೆ ಹಿಂಡಿ, ಮೂಸಿ ನೋಡಿ. ಒಳ್ಳೆ ಎಣ್ಣೆಗೆ ತೆಳುವಾದ ಮೀನಿನ ವಾಸನೆ ಇರುತ್ತದೆ, ಬಣ್ಣ ತಿಳಿ ಹಳದಿ. ಹಳೇ ಬಣ್ಣದ ಡಬ್ಬಿ ತೆರೆದಂತೆಯೋ ನಾಲ್ಕು ಸಲ ಬೋಂಡ ಕರಿದ ಎಣ್ಣೆಯಂತೆಯೋ ಮೂಗಿಗೆ ಚುರುಕೆನಿಸಿದರೆ ಕಮಟಿದೆ ಎಂದರ್ಥ. ಅದನ್ನು ನುಂಗಬಾರದು, ಬಿಲ್ಲಿನ ಜೊತೆ ಅಂಗಡಿಗೆ ಮರಳಿಸಬೇಕು. ನಿಂಬೆ ಪರಿಮಳ ಬೆರೆಸಿದ, ಹೊಟ್ಟೆಯಲ್ಲಿ ಕರಗದ ಲೇಪವಿರುವ ಕ್ಯಾಪ್ಸೂಲುಗಳಲ್ಲಿ ತೇಗು ಬರುವುದು ಕಡಿಮೆ, ನಿಜ. ಒಳಗಿನ ಎಣ್ಣೆ ಕೆಟ್ಟದ್ದು ನಾಲಗೆಗೆ ತಿಳಿಯದೇ ಹೋಗುವುದಕ್ಕೂ ಅದೇ ಕಾರಣ. ಇನ್ನೊಂದು ಮಾತು: ಕಾಡ್ ಲಿವರ್ ಎಣ್ಣೆ ಬೇರೆ, ಮೀನೆಣ್ಣೆ ಬೇರೆ. ಲಿವರ್ ಎಣ್ಣೆಯಲ್ಲಿ ವಿಟಮಿನ್ ಎ ಇದೆ. ಒಮೆಗಾ-3 ಸಾಲದೆಂದು ಅದನ್ನು ನಾಲ್ಕಾರು ನುಂಗಿದರೆ ವಿಟಮಿನ್ ಎ ಮಿತಿಮೀರಬಹುದು. ಗರ್ಭಿಣಿಯರಿಗೆ ಅದು ಅಪಾಯ.

ಮೀನು ತಿನ್ನುವವರು ದೇವರಾಜ ಮೊಹಲ್ಲಾದ ಕಡೆಯೋ ತಮ್ಮೂರ ಸಂತೆಯಲ್ಲೋ ಸಿಗುವ ಬಂಗುಡೆ, ಬೂತಾಯಿಯನ್ನು ವಾರಕ್ಕೆ ಎರಡು ಸಲ ಸಾರು ಮಾಡಿದರೆ ಇದೇ ಕೊಬ್ಬು ಸಿಗುತ್ತದೆ. ಕರಾವಳಿಯ ಈ ಎಣ್ಣೆ ಮೀನುಗಳಿಗೆ ಹೋಲಿಸಿದರೆ ನಮ್ಮ ಕೆರೆಯ ಕಾಟ್ಲಾ, ರೋಹುಗಳಲ್ಲಿ ಅದು ಕಡಿಮೆ. ಕರಿದರೆ ಲಾಭ ಇಳಿಯುತ್ತದೆ, ಸಾರೇ ಮೇಲು. ಸಸ್ಯಾಹಾರಿಗಳಿಗೆ ಅಗಸೆ ಬೀಜವಿದೆ. ಒಂದು ಊಟದ ಚಮಚ ಪುಡಿಯಲ್ಲಿ ಸುಮಾರು ಒಂದೂವರೆ ಗ್ರಾಂ ಸಸ್ಯ ಮೂಲದ ಒಮೆಗಾ-3 ಸಿಗುತ್ತದೆ; ದೇಹ ಅದರಲ್ಲಿ ಸ್ವಲ್ಪ ಭಾಗವನ್ನು ಮಾತ್ರ ಇಪಿಎ ಆಗಿ ಮಾರ್ಪಡಿಸುತ್ತದೆ. ಬೀಜ ಇಡಿಯಾಗಿ ನುಂಗಿದರೆ ಬಂದಂತೆಯೇ ಹೊರಹೋಗುತ್ತದೆ, ಪುಡಿ ಮಾಡಿಯೇ ತಿನ್ನಬೇಕು. ವಾರಕ್ಕಾಗುವಷ್ಟೇ ಪುಡಿ ಮಾಡಿ ಫ್ರಿಜ್ಜಿನಲ್ಲಿಡಬೇಕು. ಹುಚ್ಚೆಳ್ಳು ಚಟ್ನಿಪುಡಿ ರುಚಿಗೆ ಸರಿ, ಆದರೆ ಅದರಲ್ಲಿರುವುದು ಹೆಚ್ಚಾಗಿ ಒಮೆಗಾ-6. ಅಗಸೆಗೆ ಅದು ಬದಲಿಯಲ್ಲ.

ಹೃದಯಕ್ಕಾಗಿ ಮನೆಗೆ ಏನಾದರೂ ಒಂದು ತರಲೇಬೇಕೆಂದು ಯಾರಾದರೂ ಹಟ ಹಿಡಿದರೆ ನಾವು ಹೇಳುವುದು ಇಸಬ್‌ಗೋಲ್. ಅದರ ಪೊಟ್ಟಣದ ಮೇಲೆ ಹೃದಯದ ಚಿತ್ರವಿಲ್ಲ, ಮಲಬದ್ಧತೆಗೆಂದು ಮಾರುತ್ತಾರೆ. ಗುಜರಾತ್, ರಾಜಸ್ಥಾನದಲ್ಲಿ ಬೆಳೆದು ಉಂಝಾ ಮಾರುಕಟ್ಟೆಯಿಂದ ಜಗತ್ತಿಗೆಲ್ಲ ಹೋಗುವ ಈ ಹೊಟ್ಟಿನ ಕರಗುವ ನಾರು ಕರುಳಿನಲ್ಲಿ ಲೋಳೆಯಾಗಿ ಪಿತ್ತರಸದ ಆಮ್ಲಗಳನ್ನು ಹಿಡಿದು ಹೊರಗೊಯ್ಯುತ್ತದೆ. ಹೊಸ ಪಿತ್ತರಸ ತಯಾರಿಸಲು ಯಕೃತ್ತು ರಕ್ತದಿಂದ ಕೊಲೆಸ್ಟರಾಲ್ ಎಳೆದುಕೊಳ್ಳಬೇಕಾಗುತ್ತದೆ. ದಿನಕ್ಕೆ ಸುಮಾರು 10 ಗ್ರಾಂ ಹೊಟ್ಟು ತೆಗೆದುಕೊಂಡರೆ ಕೆಟ್ಟ ಕೊಲೆಸ್ಟರಾಲ್ ಎನ್ನುವ ಎಲ್‌ಡಿಎಲ್ ನೂರಕ್ಕೆ ಐದರಿಂದ ಹತ್ತರಷ್ಟು ಇಳಿಯುತ್ತದೆ. 140 ಇದ್ದದ್ದು 130ರ ಆಸುಪಾಸಿಗೆ ಬರುತ್ತದೆ. ದೊಡ್ಡದಲ್ಲ, ಆದರೆ ನಂಬಬಹುದಾದದ್ದು. ರಾಗಿ ಮುದ್ದೆ ತಿನ್ನುತ್ತೇವಲ್ಲ, ನಾರು ಸಾಲದೇ ಎಂದು ಮಂಡ್ಯ-ಮೈಸೂರಿನವರು ಕೇಳುವುದು ಸಹಜ. 100 ಗ್ರಾಂ ರಾಗಿಯಲ್ಲಿ ಒಟ್ಟು ನಾರು ಸುಮಾರು 11 ಗ್ರಾಂ ಇದ್ದರೂ ಅದರಲ್ಲಿ ಕರಗುವ ನಾರು 2 ಗ್ರಾಮಿಗಿಂತ ಕಡಿಮೆ. ಮುದ್ದೆ ಹೊಟ್ಟೆ ತುಂಬಿಸುತ್ತದೆ, ಕರುಳಿಗೂ ಒಳ್ಳೆಯದು. ಎಲ್‌ಡಿಎಲ್ ಇಳಿಸುವ ಕೆಲಸ ಕರಗುವ ನಾರಿನದು.

ಇಸಬ್‌ಗೋಲ್ ತೆಗೆದುಕೊಳ್ಳುವ ಕ್ರಮ ಹಾಳೆಯಲ್ಲಿ ಬಿಡಿಸಿ ಬರೆಯಲೇಬೇಕು, ಏಕೆಂದರೆ ತಪ್ಪಾಗುವುದು ಅಲ್ಲೇ. ಮೊದಲ ವಾರ ದಿನಕ್ಕೆ ಅರ್ಧ ಊಟದ ಚಮಚ, ಅಂದರೆ ಎರಡೂವರೆ ಗ್ರಾಂ. ವಾರ ವಾರ ಏರಿಸುತ್ತ ಬೆಳಿಗ್ಗೆ 5, ರಾತ್ರಿ ಊಟದ ವೇಳೆ 5 ಗ್ರಾಂಗೆ ಬರಬೇಕು. ಒಮ್ಮೆಲೇ ಹತ್ತು ಗ್ರಾಂ ಶುರು ಮಾಡಿದವರಿಗೆ ಹೊಟ್ಟೆ ಉಬ್ಬರಿಸುತ್ತದೆ, ಮೂರನೇ ದಿನಕ್ಕೆ ಪೊಟ್ಟಣ ಮೂಲೆ ಸೇರುತ್ತದೆ. ಊಟದ ಚಮಚ ಮಟ್ಟಸಕ್ಕೆ ತುಂಬಿದರೆ ಸುಮಾರು 5 ಗ್ರಾಂ ಆಗುತ್ತದೆ; ಆದರೂ ಎಲ್ಲರ ಮನೆಯ ಚಮಚವೂ ಒಂದೇ ಅಲ್ಲ, ಒಮ್ಮೆ ತೂಗಿ ನೋಡಿದರೆ ಒಳಿತು. ದೊಡ್ಡ ಲೋಟದಲ್ಲಿ 250 ಮಿ.ಲೀ. ನೀರಿಗೆ ಹಾಕಿ, ಕದಡಿದ ಕೂಡಲೇ ಕುಡಿಯಬೇಕು. ಎರಡು ನಿಮಿಷ ಬಿಟ್ಟರೆ ಗಂಜಿಯಂತೆ ಗಟ್ಟಿಯಾಗಿ ಚಮಚ ನಿಲ್ಲುವಷ್ಟಾಗುತ್ತದೆ. ಕುಡಿದ ಮೇಲೆ ಇನ್ನೊಂದು ಲೋಟ ನೀರು. ಒಣ ಹೊಟ್ಟನ್ನು ಬಾಯಿಗೆ ಹಾಕಿಕೊಂಡು ಮೇಲೆ ಒಂದು ಗುಟುಕು ನೀರು ಕುಡಿಯುವ ಅಭ್ಯಾಸ ಅಪಾಯಕಾರಿ. ಅದು ಅನ್ನನಾಳದಲ್ಲೇ ಉಬ್ಬಿ ಸಿಕ್ಕಿಕೊಳ್ಳಬಹುದು. ಪಾರ್ಶ್ವವಾಯುವಾಗಿ ನುಂಗಲು ಕಷ್ಟಪಡುವವರು, ಕರುಳು ಕಿರಿದಾಗಿರುವವರು ತೆಗೆದುಕೊಳ್ಳಬಾರದು. ಹೃದಯ ದುರ್ಬಲವಾಗಿ ನೀರಿನ ಮಿತಿ ಹಾಕಿಸಿಕೊಂಡವರು ವೈದ್ಯರನ್ನು ಕೇಳದೆ ಶುರು ಮಾಡಬಾರದು.

ಈ ಲೋಳೆ ಔಷಧವನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಬೇರೆ ಗುಳಿಗೆಗಳಿಗೂ ಇಸಬ್‌ಗೋಲಿಗೂ ನಡುವೆ ಎರಡು ಗಂಟೆ ಅಂತರವಿರಲಿ, ಥೈರಾಯ್ಡ್ ಗುಳಿಗೆಗೆ ನಾಲ್ಕು ಗಂಟೆ. ಡಿಗಾಕ್ಸಿನ್ ಎಂಬ ಹೃದಯದ ಗುಳಿಗೆ ತೆಗೆದುಕೊಳ್ಳುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ಇನ್ಸುಲಿನ್ ಚುಚ್ಚಿಕೊಳ್ಳುವವರಿಗೆ ಸಕ್ಕರೆ ಸ್ವಲ್ಪ ಇಳಿಯಬಹುದು. ಬಣ್ಣ, ಪರಿಮಳ ಬೆರೆಸಿದ ಪೊಟ್ಟಣಗಳಲ್ಲಿ ಸಕ್ಕರೆ ಇರಬಹುದು. ಏನೂ ಬೆರೆಸದ ಹೊಟ್ಟನ್ನೇ ಕೊಳ್ಳಬೇಕು. ಎಂಟು ವಾರದ ಮೇಲೆ ಲಿಪಿಡ್ ಪರೀಕ್ಷೆ ಮಾಡಿಸಿದರೆ ಕೆಲಸ ಮಾಡಿದೆಯೋ ಇಲ್ಲವೋ ತಿಳಿಯುತ್ತದೆ. ಓಟ್ಸ್ ಇಷ್ಟಪಡುವವರು ದಿನಕ್ಕೆ 75 ಗ್ರಾಂ ಒಣ ಓಟ್ಸ್ ತಿಂದರೆ ಬೇಕಾದ 3 ಗ್ರಾಂ ಬೀಟಾ ಗ್ಲೂಕಾನ್ ಎಂಬ ಕರಗುವ ನಾರು ಸಿಗುತ್ತದೆ. ಎರಡು ಚಮಚ ಹಾಲಿಗೆ ಹಾಕಿಕೊಂಡರೆ ಸಿಗದು.

ಹಾಳೆಯಲ್ಲಿ ಕೆಂಪು ಶಾಯಿಯಲ್ಲಿ ಬರೆಯಬೇಕಾದದ್ದು ರೆಡ್ ಯೀಸ್ಟ್ ರೈಸ್. ಇದು ನಮ್ಮ ರಾಜಮುಡಿಯಲ್ಲ, ಊಟದ ಕೆಂಪಕ್ಕಿಯೂ ಅಲ್ಲ. ಅಕ್ಕಿಯ ಮೇಲೆ ಮೊನಾಸ್ಕಸ್ ಎಂಬ ಬೂಸ್ಟು ಬೆಳೆಸಿ ಮಾಡಿದ ಪುಡಿ ಇದು. ಇದರಲ್ಲಿರುವ ಮೊನಾಕೊಲಿನ್-ಕೆ ಎಂಬುದು ಲೊವಾಸ್ಟಾಟಿನ್ ಎಂಬ ಔಷಧವೇ, ಅಣುವೂ ಅದೇ. ‘ಸ್ಟಾಟಿನ್ ಬೇಡ, ನೈಸರ್ಗಿಕ ಸಾಕು’ ಎಂದು ಇದನ್ನು ಕೊಂಡವರು ಪ್ರಮಾಣ ಗೊತ್ತಿಲ್ಲದ ಸ್ಟಾಟಿನ್ ಕೊಂಡಿರುತ್ತಾರೆ. ಅಟೋರ್ವಾಸ್ಟಾಟಿನ್ ಜೊತೆಗೆ ಇದನ್ನೂ ನುಂಗಿದರೆ ಎರಡು ಸ್ಟಾಟಿನ್ ಆಯಿತು. ಸ್ನಾಯು ನೋವು, ತೊಡೆ ಎಳೆತ, ಮೂತ್ರ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗುವುದು ಕಂಡರೆ ಅಂದೇ ಆಸ್ಪತ್ರೆಗೆ ಹೋಗಬೇಕು. ಗಂಟಲು ನೋವಿಗೆ ಕ್ಲಾರಿಥ್ರೊಮೈಸಿನ್ ಕೊಟ್ಟರೆ ಅಪಾಯ ಇನ್ನೂ ಏರುತ್ತದೆ. ಬೂಸ್ಟು ಸರಿಯಾಗಿ ಬೆಳೆಸದಿದ್ದರೆ ಸಿಟ್ರಿನಿನ್ ಎಂಬ ಮೂತ್ರಪಿಂಡಕ್ಕೆ ಕೆಡುಕು ಮಾಡುವ ವಿಷ ಸೇರಿಕೊಳ್ಳುತ್ತದೆ. 2024ರ ಮಾರ್ಚಿನಲ್ಲಿ ಜಪಾನಿನಲ್ಲಿ ಇಂಥ ಪೂರಕ ನುಂಗಿದವರ ಮೂತ್ರಪಿಂಡ ಕೆಟ್ಟು ಮಾಲು ವಾಪಸ್ ತರಿಸಬೇಕಾಯಿತು; ಅಲ್ಲಿ ಸಿಕ್ಕಿದ್ದು ಪ್ಯುಬೆರುಲಿಕ್ ಆಮ್ಲ ಎಂಬ ಇನ್ನೊಂದು ಬೂಸ್ಟಿನ ಪದಾರ್ಥ. ಐರೋಪ್ಯ ಒಕ್ಕೂಟ 2022ರಲ್ಲಿ ದಿನದ ಪ್ರಮಾಣದಲ್ಲಿ ಮೊನಾಕೊಲಿನ್ 3 ಮಿ.ಗ್ರಾಂಗಿಂತ ಕಡಿಮೆ ಇರಬೇಕೆಂದು ಕಟ್ಟುಮಾಡಿತು. ಜಿಲ್ಲೆಯಲ್ಲಿ ಮಾದರಿ ತೆಗೆಯುವುದಾದರೆ ಮೊದಲು ಇದನ್ನೇ ತೆಗೆಯಿರಿ ಎಂಬುದು ನಮ್ಮ ವಿನಂತಿ.

2022ರಲ್ಲಿ ಪ್ರಕಟವಾದ ಸ್ಪೋರ್ಟ್ ಎಂಬ ಅಧ್ಯಯನದಲ್ಲಿ 190 ಜನರಿಗೆ 28 ದಿನ ರೋಸುವಾಸ್ಟಾಟಿನ್ 5 ಮಿ.ಗ್ರಾಂ, ಮೀನೆಣ್ಣೆ, ದಾಲ್ಚಿನ್ನಿ, ಬೆಳ್ಳುಳ್ಳಿ, ಅರಿಸಿನ, ಸಸ್ಯ ಸ್ಟೆರಾಲ್, ರೆಡ್ ಯೀಸ್ಟ್ ರೈಸ್, ಔಷಧವಿಲ್ಲದ ಬರಿ ಗುಳಿಗೆ ಎಂದು ಗುಂಪಿಗೊಂದರಂತೆ ಹಂಚಿ ಕೊಟ್ಟರು. ಸ್ಟಾಟಿನ್ ಎಲ್‌ಡಿಎಲ್ಲನ್ನು ನೂರಕ್ಕೆ ಮೂವತ್ತೆಂಟರಷ್ಟು ಇಳಿಸಿತು. ಆರು ಪೂರಕಗಳಲ್ಲಿ ಒಂದೂ ಬರಿ ಗುಳಿಗೆಗಿಂತ ಗಮನಾರ್ಹವಾಗಿ ಇಳಿಸಲಿಲ್ಲ. ಹಣ ಕೊಟ್ಟದ್ದು ರೋಸುವಾಸ್ಟಾಟಿನ್ ತಯಾರಿಸುವ ಕಂಪನಿ, ಅವಧಿಯೂ ಚಿಕ್ಕದು ಎಂಬುದನ್ನು ಹೇಳಿಯೇ ಈ ಅಂಕಿಯನ್ನು ಮುಂದಿಡುತ್ತಿದ್ದೇವೆ. ಆ ಸ್ಟಾಟಿನ್ ಜನೌಷಧಿಯಲ್ಲಿ ಮೀನೆಣ್ಣೆ ಡಬ್ಬಕ್ಕಿಂತ ಎಷ್ಟೋ ಅಗ್ಗಕ್ಕೆ ಸಿಗುತ್ತದೆ.

ಹೊಳೆಮತ್ತಿಯ ಬಗ್ಗೆ ಗೌರವದಿಂದಲೇ ಬರೆಯಬೇಕು. ಅರ್ಜುನ ಎಂದು ಆಯುರ್ವೇದ ಕರೆಯುವ ಈ ಮರ ನಮ್ಮ ಕಾವೇರಿ ದಡದ್ದು, ಅದರ ತೊಗಟೆಯ ಕ್ಷೀರಪಾಕ ಹೃದಯಕ್ಕೆಂದು ಶತಮಾನಗಳಿಂದ ಬಳಕೆಯಲ್ಲಿದೆ. ಕ್ಷೀರಪಾಕದ ಅಳತೆ ಒಂದು ಪಾಲು ತೊಗಟೆಗೆ ಎಂಟು ಪಾಲು ಹಾಲು, ಮೂವತ್ತೆರಡು ಪಾಲು ನೀರು. 5 ಗ್ರಾಂ ಪುಡಿಗೆ 40 ಮಿ.ಲೀ. ಹಾಲು, 160 ಮಿ.ಲೀ. ನೀರು ಹಾಕಿ, ನೀರೆಲ್ಲ ಇಂಗಿ ಹಾಲಿನಷ್ಟೇ ಉಳಿಯುವವರೆಗೆ ಸಣ್ಣ ಉರಿಯಲ್ಲಿ ಕಾಯಿಸಿ ಸೋಸಬೇಕು. ಕೆಲವು ಸಣ್ಣ ಅಧ್ಯಯನಗಳಲ್ಲಿ ಎದೆನೋವು, ಉಬ್ಬಸ ಕಡಿಮೆಯಾದದ್ದು ದಾಖಲಾಗಿದೆ. ಸ್ಟಾಟಿನ್ನಿನಂತೆ ಸಾವು ತಪ್ಪಿಸಿದ್ದಕ್ಕೆ ದೊಡ್ಡ ಅಧ್ಯಯನದ ಸಾಕ್ಷಿ ಇಲ್ಲ. ಇಲ್ಲಿನ ತೊಡಕು ಬೇರೆಯದು. ಗ್ರಂಥಿಗೆ ಅಂಗಡಿಯಲ್ಲಿ ‘ಮತ್ತಿ ಚಕ್ಕೆ’ ಎಂದು ಕೇಳಿದರೆ ಕರಿಮತ್ತಿಯೂ ಬರಬಹುದು. ಹೊಳೆಮತ್ತಿಯ ತೊಗಟೆ ಹೊರಗೆ ನಯ, ಬೂದು ಬಿಳುಪು. ಒಳಗೆ ಮಾಸಲು ಕೆಂಪು. ಕರಿಮತ್ತಿಯದು ಕಪ್ಪಗೆ, ಮೊಸಳೆ ಬೆನ್ನಿನಂತೆ ಚೌಕ ಚೌಕವಾಗಿ ಬಿರಿದಿರುತ್ತದೆ. ಪುಡಿ ಮಾಡಿದ ಮೇಲೆ ಗುರುತು ಹಿಡಿಯುವುದು ಕಷ್ಟ, ಆದ್ದರಿಂದ ಚಕ್ಕೆಯನ್ನೇ ಕೊಳ್ಳಬೇಕು. ಮೈಸೂರಿನ ಸರ್ಕಾರಿ ಆಯುರ್ವೇದ ಕಾಲೇಜಿನ ದ್ರವ್ಯಗುಣ ವಿಭಾಗದವರಿಂದ ಎರಡು ತೊಗಟೆಗಳ ಚಿತ್ರ ತೆಗೆಸಿ ಹಾಳೆಯಲ್ಲಿ ಹಾಕಿಸಿದರೆ ಅಂಗಡಿಯವರಿಗೂ ಉಪಕಾರ. ಗುಗ್ಗುಲದ ವಿಚಾರದಲ್ಲಿ, 2003ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಎಲ್‌ಡಿಎಲ್ ಇಳಿಯುವ ಬದಲು ಏರಿತು, ಕೆಲವರಿಗೆ ಮೈ ಮೇಲೆ ಗಂಧೆ ಎದ್ದಿತು.

ಬೆಳ್ಳುಳ್ಳಿ, ಶುಂಠಿ, ನಿಂಬೆ, ಸೇಬಿನ ವಿನೆಗರ್, ಜೇನು ಕುದಿಸಿ ‘ಬ್ಲಾಕ್ ಕರಗುತ್ತದೆ’ ಎಂದು ವಾಟ್ಸಾಪಿನಲ್ಲಿ ಹರಿದಾಡುವ ಕಷಾಯಕ್ಕೂ ಒಂದು ಸಾಲು ಮೀಸಲಿಡಿ. ಬ್ಲಾಕ್ ಎಂಬುದು ಪೈಪಿನೊಳಗೆ ಅಂಟಿದ ಜಿಡ್ಡಲ್ಲ. ರಕ್ತನಾಳದ ಗೋಡೆಯ ಪದರದೊಳಗೆ ಕೊಬ್ಬು, ಸುಣ್ಣ, ಜೀವಕೋಶ ಸೇರಿ ಬೆಳೆದ ಗಡ್ಡೆ. ಹೊಟ್ಟೆಗೆ ಹೋದ ಹುಳಿ ಅಲ್ಲಿಗೆ ತಲುಪಿ ಅದನ್ನು ತೊಳೆಯುವುದಿಲ್ಲ.

ಕೋಎಂಜೈಮ್ ಕ್ಯು10, ಅಂದರೆ ಕೋಕ್ಯು10 ಎಂಬ ಪೂರಕದ ವಿಚಾರ ಕೊಂಚ ಬೇರೆ. ಹೃದಯ ದುರ್ಬಲವಾದ 420 ರೋಗಿಗಳಿಗೆ ದಿನಕ್ಕೆ ಮೂರು ಸಲ 100 ಮಿ.ಗ್ರಾಂನಂತೆ ಎರಡು ವರ್ಷ ಕೊಟ್ಟ ಕ್ಯು-ಸಿಂಬಿಯೋ ಅಧ್ಯಯನದಲ್ಲಿ, 2014ರಲ್ಲಿ, ಆಸ್ಪತ್ರೆ ಸೇರುವುದು, ಸಾವು ಕಡಿಮೆಯಾದವು. ಒಂದೇ ಅಧ್ಯಯನ, ರೋಗಿಗಳ ಸಂಖ್ಯೆ ಚಿಕ್ಕದು. ಅಂಥವರು ಹೃದ್ರೋಗ ತಜ್ಞರನ್ನು ಕೇಳಿ ತೆಗೆದುಕೊಳ್ಳಬಹುದು. ಆರೋಗ್ಯವಂತರಿಗೆ ಬೇಕಿಲ್ಲ. ನಯಾಸಿನ್ (ವಿಟಮಿನ್ ಬಿ3), ವಿಟಮಿನ್ ಇ ಎರಡೂ ಹೃದಯಕ್ಕೆಂದು ನುಂಗಬೇಕಿಲ್ಲ; ದೊಡ್ಡ ಅಧ್ಯಯನಗಳಲ್ಲಿ ಲಾಭ ಕಾಣಲಿಲ್ಲ, ನಯಾಸಿನ್‌ನಿಂದ ಶುಗರ್ ಏರಿತು. ವಿಟಮಿನ್ ಡಿ ಕೊರತೆ ಇದ್ದವರು 60,000 ಯೂನಿಟ್ಟಿನ ಪೊಟ್ಟಣವನ್ನು ವೈದ್ಯರು ಹೇಳಿದಷ್ಟು ಕಾಲ ವಾರಕ್ಕೊಂದು ತೆಗೆದುಕೊಳ್ಳಬೇಕು. ‘ವಾರಕ್ಕೆ’ ಎಂಬ ಇಂಗ್ಲಿಷ್ ಅಕ್ಷರ ಓದಲಾಗದೆ ದಿನಾ ನುಂಗಿದರೆ ರಕ್ತದಲ್ಲಿ ಸುಣ್ಣದಂಶ ಏರಿ, ವಾಂತಿ, ಮಂಪರು, ಮೂತ್ರಪಿಂಡದ ಹಾನಿಯಾಗುತ್ತದೆ. ಕನ್ನಡ ಹಾಳೆ ಬೇಕೆಂಬುದಕ್ಕೆ ಇದಕ್ಕಿಂತ ನೇರ ಕಾರಣ ಬೇರಿಲ್ಲ.

ಗುಳಿಗೆಗಳ ಜೊತೆ ಘರ್ಷಣೆ ಆಗುವವೂ ಹಾಳೆಯಲ್ಲಿರಲಿ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ತೆಗೆದುಕೊಳ್ಳುವವರಲ್ಲಿ ಬೆಳ್ಳುಳ್ಳಿ ಕ್ಯಾಪ್ಸೂಲು, ಹೆಚ್ಚು ಮೀನೆಣ್ಣೆ ರಕ್ತಸ್ರಾವ ಹೆಚ್ಚಿಸಬಹುದು, ಕೋಕ್ಯು10 ವಾರ್ಫರಿನ್ನಿನ ಬಲ ತಗ್ಗಿಸಬಹುದು. ಯಾವುದನ್ನು ಶುರು ಮಾಡಿದರೂ ನಿಲ್ಲಿಸಿದರೂ ರಕ್ತ ಹೆಪ್ಪುಗಟ್ಟುವ ವೇಗ ಅಳೆಯುವ ಐಎನ್‌ಆರ್ ಪರೀಕ್ಷೆ ಮಾಡಿಸಬೇಕು. ಜೇಷ್ಠಮಧು ಕೆಮ್ಮಿನ ಕಷಾಯದ ಪುಡಿಗಳಲ್ಲಿ ಇರುತ್ತದೆ. ದಿನಾ ತಿಂದರೆ ಬಿಪಿ ಏರಿಸಿ ಪೊಟ್ಯಾಶಿಯಂ ಇಳಿಸುತ್ತದೆ; ಮೂತ್ರ ಹೆಚ್ಚಿಸುವ ಫ್ಯೂರೊಸಿಮೈಡ್, ಡಿಗಾಕ್ಸಿನ್ ತೆಗೆದುಕೊಳ್ಳುವವರಿಗೆ ಇದು ಅಪಾಯ. ಇದಕ್ಕೆ ತದ್ವಿರುದ್ಧವಾದದ್ದು ‘ಲೋ ಸೋಡಿಯಂ’ ಉಪ್ಪು. ಚೀನಾದ 600 ಹಳ್ಳಿಗಳಲ್ಲಿ 20,995 ಜನರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಾಲುಭಾಗ ಪೊಟ್ಯಾಶಿಯಂ ಕ್ಲೋರೈಡ್ ಬೆರೆಸಿದ ಉಪ್ಪು ಬಳಸಿದವರಲ್ಲಿ ಪಾರ್ಶ್ವವಾಯು ಕಡಿಮೆಯಾಯಿತು. ಬಹಳ ಮನೆಗಳಿಗೆ ಅದು ಒಳ್ಳೆಯದೇ. ಆದರೆ ಮೂತ್ರಪಿಂಡ ಕೆಟ್ಟವರು, ಸ್ಪೈರೊನೊಲ್ಯಾಕ್ಟೋನ್, ಟೆಲ್ಮಿಸಾರ್ಟನ್, ರಾಮಿಪ್ರಿಲ್ ಎಂಬ ಬಿಪಿ, ಹೃದಯದ ಗುಳಿಗೆ ತೆಗೆದುಕೊಳ್ಳುವವರು ಕೇಳದೆ ಬಳಸಿದರೆ ಪೊಟ್ಯಾಶಿಯಂ ಏರಿ ಹೃದಯ ನಿಲ್ಲಬಹುದು.

ಕೂದಲು ಉದುರುವುದಕ್ಕೆ ನುಂಗುವ ಬಯೋಟಿನ್ ಗುಳಿಗೆಗೆ ಹೃದಯದ ಜೊತೆ ಏನು ನಂಟು ಎಂದು ಕೇಳಬಹುದು. ದಿನಕ್ಕೆ 5, 10 ಮಿ.ಗ್ರಾಂ ಬಯೋಟಿನ್ ನುಂಗುವವರ ರಕ್ತದಲ್ಲಿ ಕೆಲವು ಲ್ಯಾಬ್ ಯಂತ್ರಗಳಲ್ಲಿ ಹೃದಯಾಘಾತ ಪತ್ತೆ ಮಾಡುವ ಟ್ರೊಪೋನಿನ್ ಪರೀಕ್ಷೆ ಸುಳ್ಳಾಗಿ ಕಡಿಮೆ ತೋರಿಸಬಹುದು. ಆಘಾತವಾಗಿದ್ದರೂ ‘ಏನಿಲ್ಲ’ ಎಂದು ಬಂದಂತಾಗುತ್ತದೆ. ಅಮೆರಿಕದ ಎಫ್‌ಡಿಎ ಇದನ್ನು 2017ರಲ್ಲೇ ಎಚ್ಚರಿಸಿತ್ತು. ತುರ್ತು ಚಿಕಿತ್ಸಾ ಘಟಕದಲ್ಲಿ ರೋಗಿಯ ಜೊತೆ ಬಂದವರು ‘ಕೂದಲ ಗುಳಿಗೆ ತಗೊಳ್ತಾರೆ’ ಎಂದು ಒಂದು ಮಾತು ಹೇಳಿದರೆ ಸಾಕು, ವೈದ್ಯರು ಇಸಿಜಿ, ಎಕೋ ನೋಡಿ ತೀರ್ಮಾನಿಸುತ್ತಾರೆ.

ಆರೋಗ್ಯಾಧಿಕಾರಿಗಳಲ್ಲಿ ಒಂದು ಪ್ರತ್ಯೇಕ ವಿನಂತಿ. ಬಿಪಿ, ಶುಗರ್ ರೋಗಿಗಳ, ಅಂದರೆ ಸಾಂಕ್ರಾಮಿಕವಲ್ಲದ ರೋಗಗಳ, ಎನ್‌ಸಿಡಿ ಕಾರ್ಡಿನಲ್ಲಿ ‘ಬೇರೇನು ತೆಗೆದುಕೊಳ್ಳುತ್ತೀರಿ: ಕ್ಯಾಪ್ಸೂಲು, ಪುಡಿ, ಕಷಾಯ, ಪ್ರೋಟೀನ್ ಪೌಡರ್?’ ಎಂಬ ಒಂದು ಸಾಲು ಸೇರಿಸಿ. ‘ಔಷಧ ಏನು ತಗೋತೀರಿ’ ಎಂದು ಕೇಳಿದರೆ ಜನ ಇವನ್ನು ಹೇಳುವುದಿಲ್ಲ, ಇವು ಔಷಧವೆಂದೇ ಅವರಿಗೆ ಅನಿಸಿರುವುದಿಲ್ಲ. ಆಶಾ ಕಾರ್ಯಕರ್ತೆಯರು ಮನೆಗೆ ಹೋದಾಗ ಡಬ್ಬ ತೋರಿಸಿ ಎಂದು ಕೇಳಿದರೆ ಎಲ್ಲ ಹೊರಬರುತ್ತದೆ.

ಅಂಕಿತ ಅಧಿಕಾರಿಗಳಿಗೆ ಕಾನೂನು ನಾವು ಹೇಳಿಕೊಡಬೇಕಿಲ್ಲ. ಆದರೂ ಜನರಿಗೆ ತಿಳಿಯಲೆಂದು ಬರೆಯುತ್ತೇವೆ. ಪೂರಕಗಳ ನಿಯಮಾವಳಿಯಂತೆ ಡಬ್ಬದ ಮೇಲೆ ‘ಹೆಲ್ತ್ ಸಪ್ಲಿಮೆಂಟ್’ ಎಂದೂ ‘ಔಷಧೀಯ ಬಳಕೆಗಲ್ಲ’ ಎಂಬ ಅರ್ಥದ ಎಚ್ಚರಿಕೆಯೂ ಎದ್ದು ಕಾಣಬೇಕು, 14 ಅಂಕಿಯ ಲೈಸೆನ್ಸ್ ಸಂಖ್ಯೆ ಇರಬೇಕು. ಕಾಯಿಲೆ ವಾಸಿ ಮಾಡುತ್ತೇವೆ, ಬ್ಲಾಕ್ ತೆಗೆಯುತ್ತೇವೆ ಎಂದು ಬರೆಯುವಂತಿಲ್ಲ. ದಾರಿ ತಪ್ಪಿಸುವ ಜಾಹೀರಾತಿಗೆ 2006ರ ಆಹಾರ ಸುರಕ್ಷತಾ ಕಾಯ್ದೆಯ 53ನೇ ಸೆಕ್ಷನ್ನಿನಲ್ಲಿ ಹತ್ತು ಲಕ್ಷ ರೂಪಾಯಿವರೆಗೆ ದಂಡವಿದೆ. ಔಷಧವೆಂದು ಹೇಳಿಕೊಂಡು ಹೃದ್ರೋಗ, ಬಿಪಿ ವಾಸಿ ಎಂದು ಪ್ರಚಾರ ಮಾಡುವವರಿಗೆ 1954ರ ಡ್ರಗ್ಸ್ ಅಂಡ್ ಮ್ಯಾಜಿಕ್ ರೆಮಿಡೀಸ್ ಕಾಯ್ದೆ ಅನ್ವಯಿಸುತ್ತದೆ. ಗ್ರಾಹಕರು ತಾವೇ, ಕೊಳ್ಳುವಾಗ ಅಂಗಡಿಯವರಿಗೆ ತಿಳಿಸಿ, ಶುಲ್ಕ ಕಟ್ಟಿ, ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಲು ಆಹಾರ ಸುರಕ್ಷತಾ ಕಾಯ್ದೆಯ 40ನೇ ಸೆಕ್ಷನ್ ಅವಕಾಶ ಕೊಡುತ್ತದೆ. ಈ ಅವಕಾಶ ಇದೆಯೆಂಬುದು ಹಾಳೆಯಲ್ಲಿ ಬರಲಿ, ಶುಲ್ಕ ಎಷ್ಟು, ಎಲ್ಲಿ ಕೊಡಬೇಕು ಎಂಬುದನ್ನೂ ಸೇರಿಸಿ. ದೇಶದ ರೆಫರಲ್ ಆಹಾರ ಪ್ರಯೋಗಾಲಯಗಳಲ್ಲಿ ಒಂದು, ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಾದ ಸಿಎಫ್‌ಟಿಆರ್‌ಐ ಆವರಣದಲ್ಲಿ, ನಮ್ಮೂರಲ್ಲೇ ಇದೆ.

ಹಾಳೆಯ ಕೊನೆಯ ಸಾಲು ದಪ್ಪಕ್ಷರದಲ್ಲಿ ಹೀಗಿರಲಿ: ಎದೆ ಬಿಗಿತ, ಎಡತೋಳಿಗೋ ದವಡೆಗೋ ಹರಡುವ ನೋವು, ತಣ್ಣನೆ ಬೆವರು ಕಂಡರೆ ಯಾವ ಕ್ಯಾಪ್ಸೂಲನ್ನೂ ಕಷಾಯವನ್ನೂ ನಂಬಿ ಕಾಯದೆ 108ಕ್ಕೆ ಕರೆ ಮಾಡಿ. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಗೆ ಸೇರಿದ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ. ಯಾವ ತಾಲ್ಲೂಕಿನಲ್ಲಿ ಯಾವ ಆಸ್ಪತ್ರೆ ಎಂಬ ಪಟ್ಟಿಯನ್ನು ಆರೋಗ್ಯ ಇಲಾಖೆಯೇ ತುಂಬಿಕೊಡಬೇಕು.

ಎ-3 ಅಳತೆಯ ಹಾಳೆ, 18 ಪಾಯಿಂಟಿಗಿಂತ ಚಿಕ್ಕದಲ್ಲದ ಅಕ್ಷರ, ಮೇಣದ ಲೇಪ. ಕರಡನ್ನು ಬರೆದು, ಲೆಕ್ಕಗಳನ್ನು ತಾಳೆ ನೋಡಿ ಕೊಡುವ ಕೆಲಸ ನಮ್ಮದು. ಅದಕ್ಕೆ ಸಂಭಾವನೆ ಬೇಡ. ಅಚ್ಚು ಹಾಕಿಸಿ ಅಂಟಿಸುವ ಆದೇಶ ಮಾತ್ರ ತಮ್ಮಿಂದ ಬರಬೇಕು.

ಇಂತಿ,
ಮೈಸೂರಿನ ಕೆಲವು ಫಾರ್ಮಸಿಸ್ಟರು ಮತ್ತು ಆಹಾರತಜ್ಞರು